ಇದರಲ್ಲಿ ಮಾತ್ರ ಕಲಿಯಬೇಡ

ಹಳೇ ನೂರು ಸಿಸಿ ಗಾಡಿಯಲ್ಲಿ ಸಿಗ್ನಲ್ ಹತ್ತಿರ ನಿಂತರೆ ಪಕ್ಕದವರು ಕೇಳುವುದು ಒಂದೇ ಪ್ರಶ್ನೆ: “ಆರ್‌ಎಕ್ಸಾ ಸಾರ್?” ಯಮಾಹಾ ಆರ್‌ಎಕ್ಸ್ 100 ಅಲ್ಲ ಅಂದ ಕೂಡಲೇ ಅವರ ಆಸಕ್ತಿ ಅರ್ಧ ಇಳಿಯುತ್ತದೆ. ಇಂಡ್-ಸುಜುಕಿ ಅಂದರೆ ಉಳಿದರ್ಧವೂ ಹೋಗುತ್ತದೆ. ವಯಸ್ಸು ನಲವತ್ತೈದು ದಾಟಿದವರಾದರೆ ಮಾತ್ರ “ಓ, ನಮ್ ಮಾವನ ಹತ್ರ ಇತ್ತು” ಅನ್ನುತ್ತಾರೆ. ಒಂದು ಕಾಲಕ್ಕೆ ಎಲ್ಲರ ಮಾವಂದಿರ ಹತ್ತಿರವೂ ಇದ್ದ ಗಾಡಿ ಈಗ ಎಲ್ಲೂ ಕಾಣಸಿಗುವುದಿಲ್ಲ.

ಈ ತಾತ್ಸಾರದ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಯಾಕೆಂದರೆ ಮೊದಲು ಬಂದದ್ದು ಇದೇ. 1984ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಂಡ್-ಸುಜುಕಿ ಎಎಕ್ಸ್ 100 ಹೊರಬಂದಾಗ ನಮ್ಮ ರಸ್ತೆಗಳಲ್ಲಿ ಮೋಟಾರ್ ಸೈಕಲ್ ಅಂದರೆ ಬುಲೆಟ್, ಮೈಸೂರಿನ ಯೆಜ್ಡಿ, ಇಲ್ಲವೇ ಹಾಲಿನವರ ರಾಜದೂತ್. ಮೂರಕ್ಕೂ ಕಾಲಿನಲ್ಲಿ ಬಲ ಬೇಕು, ಪರಿಚಯದ ಮೆಕ್ಯಾನಿಕ್ ಬೇಕು. ಮರುವರ್ಷ ಹೀರೋ ಹೋಂಡಾ ಸಿಡಿ 100 ಮತ್ತು ಯಮಾಹಾ ಆರ್‌ಎಕ್ಸ್ 100, 1986ರಲ್ಲಿ ಕವಾಸಕಿ ಬಜಾಜ್ ಕೆಬಿ 100. ನಾಲ್ಕೂ ಜಪಾನಿನ ವಿನ್ಯಾಸ, ನಾಲ್ಕೂ ಹಗುರ. ಪ್ಯಾಂಟು ಇಸ್ತ್ರಿ ಕೆಡದಂತೆ ಕಚೇರಿಗೆ ಹೋಗಬಹುದಾದ ಬೈಕು ಅಂತ ಒಂದು ಇರಬಹುದು ಎಂದು ಗುಮಾಸ್ತರಿಗೆ, ಮೇಷ್ಟ್ರುಗಳಿಗೆ, ಎಲ್‌ಐಸಿ ಏಜೆಂಟರಿಗೆ ಗೊತ್ತಾದದ್ದು ಈ ನಾಲ್ಕರಿಂದ. ಅದರಲ್ಲಿ ಆರ್‌ಎಕ್ಸ್‌ಗೆ ಪುಂಡರ ಹೆಸರು ಅಂಟಿತು, ಸಿಡಿ 100ಕ್ಕೆ ಮೈಲೇಜಿನ ಹೆಸರು. ಎಎಕ್ಸ್‌ಗೆ ಯಾವ ಹೆಸರೂ ಅಂಟಲಿಲ್ಲ. ಹೆಸರು ಅಂಟದ ಗಾಡಿಗಳು ಬೇಗ ಗುಜರಿ ಸೇರುತ್ತವೆ.

ನನ್ನದು ಗುಜರಿ ಸೇರುವುದು ಸ್ವಲ್ಪದರಲ್ಲಿ ತಪ್ಪಿತು. ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನದು ಕೊಬ್ಬರಿ ವ್ಯಾಪಾರ. ಹಳೇ ಮನೆ ಕೆಡವುವಾಗ ಅಟ್ಟದ ಕೆಳಗಿನ ಮೂಲೆಯಲ್ಲಿ, ಮಟ್ಟೆ ರಾಶಿಯ ಹಿಂದೆ ಇದು ನಿಂತಿತ್ತು. “ತೂಕಕ್ಕೆ ಹಾಕ್ತೀನಿ, ಬೇಕಾದ್ರೆ ನೀನು ತಗೊಂಡು ಹೋಗು” ಅಂದರು. ಟೈರು ಎರಡೂ ಬಿರುಕು ಬಿಟ್ಟು ರಿಮ್ಮಿಗೆ ಕಚ್ಚಿಕೊಂಡಿದ್ದವು. ಎಡಗಡೆ ಸೈಡ್ ಕವರ್ ಇರಲಿಲ್ಲ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ತೆಂಗಿನ ನಾರು ತುಂಬಿ ಇಲಿ ಬಾಣಂತನ ಮುಗಿಸಿಕೊಂಡು ಹೋಗಿತ್ತು. ಆದರೆ ಆರ್‌ಸಿ ಇತ್ತು. ಹಳೇ ಗಾಡಿ ತಗೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ, ಕಾಗದ ಇಲ್ಲದಿದ್ದರೆ ಮುಟ್ಟಬೇಡಿ. ಚಾಸಿಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಂಬರ್ ಎತ್ತಿ, ಎಂಜಿನ್ ನಂಬರ್ ಸಮೇತ ಆರ್‌ಸಿಗೆ ತಾಳೆ ನೋಡಿ. ಎರಡೂ ಕೂಡಿ ಬಂದರೆ ಮಿಕ್ಕದ್ದೆಲ್ಲ ಬರೀ ಖರ್ಚು.

ಇದನ್ನು ನಾನು ವಿಂಟೇಜ್ ಅನ್ನುವಂತೆಯೂ ಇಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಆಗ ‘ವಿಎ’ ಅಕ್ಷರಗಳಿರುವ ಬೇರೆ ನಂಬರ್ ಪ್ಲೇಟ್ ಸಿಗುತ್ತದೆ, ದಿನನಿತ್ಯ ಓಡಿಸುವಂತಿಲ್ಲ. ಎಂಬತ್ತರ ದಶಕದ ಗಾಡಿಗಳು ಆ ಗೌರವಕ್ಕೂ ಸಲ್ಲದೆ ಹೊಸತರ ಸಾಲಿಗೂ ಸೇರದೆ ನಡುವೆ ನಿಂತಿವೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಿ ತಪಾಸಣೆ ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2025ರಲ್ಲಿ ಎರಡು ಸಾವಿರ ರೂಪಾಯಿಗೆ ಏರಿಸಿದ್ದಾರೆ. ಚಿಕ್ಕಪ್ಪ ಹೇಳಿದ ತೂಕದ ಬೆಲೆಯನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಲು ಹೋಗಲಿಲ್ಲ.

ಇಷ್ಟರ ನಡುವೆ ನನ್ನ ಅಕ್ಕನ ಮಗಳು ಬಂದಳು. ಡಿಗ್ರಿ ಮೊದಲನೇ ವರ್ಷ, ಹದಿನೆಂಟು ತುಂಬುತ್ತಿದ್ದಂತೆ ಎಲ್‌ಎಲ್ ಮಾಡಿಸಿಕೊಂಡಿದ್ದಳು. ರಜೆಯಲ್ಲಿ ನಮ್ಮ ಮನೆಗೆ ಬಂದವಳು ಸ್ಪ್ಯಾನರ್ ಎತ್ತಿಕೊಡುವುದರಿಂದ ಶುರುಮಾಡಿ, ಕಾರ್ಬೊರೇಟರ್ ಬಿಚ್ಚಿ ಟೂತ್ ಬ್ರಷ್ಷಿನಲ್ಲಿ ಉಜ್ಜುವವರೆಗೆ ಬಂದಳು. ಒಂದು ಸಂಜೆ ಘೋಷಿಸಿಯೇ ಬಿಟ್ಟಳು: “ಮಾಮ, ಇದು ರೆಡಿ ಆದ್ಮೇಲೆ ನಾನು ಇದ್ರಲ್ಲೇ ಕಲೀತೀನಿ.” ಅಕ್ಕ ಫೋನಿನಲ್ಲಿ “ಸುಮ್ನೆ ಒಂದು ಸ್ಕೂಟಿ ಕೊಡಿಸೋದಪ್ಪ, ಗೇರು ಗೀರು ಯಾಕೆ ಅವಳಿಗೆ” ಅಂದಳು. ಅಕ್ಕನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಹುಡುಗಿಯ ಮಾತನ್ನು ಹಾಗೆ ತಳ್ಳಿಹಾಕಲು ಬರುತ್ತಿರಲಿಲ್ಲ, ಅವಳ ವಾದದಲ್ಲಿ ಹುರುಳಿತ್ತು. ಗಾಡಿ ನೂರು ಕೆಜಿಯ ಆಸುಪಾಸು. ಅವಳ ಗೆಳತಿಯರು ಕಣ್ಣಿಟ್ಟಿರುವ ಕ್ಲಾಸಿಕ್ 350 ತೂಗುವುದು 195 ಕೆಜಿ. ಸೀಟು ತಗ್ಗು, ಐದಡಿ ಎರಡಿಂಚಿನ ಅವಳಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಸಿಗುತ್ತದೆ. ಬಿದ್ದರೂ ಒಬ್ಬಳೇ ಎತ್ತಬಲ್ಲಳು. ಮೇಲಾಗಿ ಪ್ರತಿ ಸ್ಕ್ರೂ ಎಲ್ಲಿ ಹೋಗುತ್ತದೆಂದು ಅವಳಿಗೇ ಗೊತ್ತು. ಹೊಸದಾಗಿ ಕಲಿಯುವವರಿಗೆ ಹಗುರವಾದ, ತಗ್ಗಾದ, ಕಡಿಮೆ ಶಕ್ತಿಯ ಗಾಡಿ ಬೇಕು ಎಂದು ನಾನೇ ಹತ್ತು ಜನಕ್ಕೆ ಹೇಳಿದವನು. ಕಾಗದದ ಮೇಲೆ ಎಎಕ್ಸ್ ಎಲ್ಲದಕ್ಕೂ ಪಾಸು. ಆದರೂ ಬೇಡ ಅಂದೆ. ಯಾಕೆ ಬೇಡ ಅನ್ನುವುದು ಎಂಜಿನ್ ಬಿಚ್ಚುತ್ತ ಹೋದಂತೆ ನನಗೂ ಸ್ಪಷ್ಟವಾಯಿತು.

ಪಿಸ್ಟನ್ ಬ್ಲಾಕಿಗೆ ಕಚ್ಚಿಕೊಂಡಿತ್ತು. ಕಿಕ್ಕರ್ ಮೇಲೆ ನಿಂತರೂ ಅಲುಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕೈಗೆ ಮೊದಲು ಸಿಗುವುದು ಸುತ್ತಿಗೆ. ನಮ್ಮ ಗ್ಯಾರೇಜಿನ ಭಾಯ್ ಅದನ್ನು ನನ್ನ ಕೈಯಿಂದ ತೆಗೆದು ಆಚೆ ಇಟ್ಟರು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ಲಿಗೆ ಒಂದಿಷ್ಟು 2ಟಿ ಆಯಿಲ್ (ಇಂಥ ಗಾಡಿಗಳ ಪೆಟ್ರೋಲಿಗೆ ಹಾಕುವ ಆಯಿಲ್) ಬೆರೆಸಿ ಹುಯ್ದು, “ಈಗ ಮರ್ತುಬಿಡಿ ಸಾರ್” ಅಂದರು. ದಿನಾ ಸಂಜೆ ಹೋಗಿ ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಹಗುರವಾಗಿ ಹಿಂದೆ ಮುಂದೆ ತಿರುಗಿಸಿ ನೋಡುವುದು, ಮತ್ತೆ ಬಿಡುವುದು. ಒಂದು ದಿನ ಕೂದಲೆಳೆಯಷ್ಟು ಜರುಗಿತು. ಆಮೇಲೆ ಬಂತು.

ಅದಕ್ಕಿಂತ ಹೆಚ್ಚು ಕಾಡಿದ್ದು ಎಂಜಿನ್ ಕವರಿನ ಸ್ಕ್ರೂಗಳು. ನೋಡಲು ಸಾಮಾನ್ಯ ಸ್ಟಾರ್ ಸ್ಕ್ರೂ. ಆದರೆ ಹಳೇ ಜಪಾನಿ ಗಾಡಿಗಳ ಸ್ಕ್ರೂ ತಲೆಯ ಅಡ್ಡಗೀಟು ಜಪಾನಿನ ಅಳತೆಯದು. ನಮ್ಮ ಅಂಗಡಿಯಲ್ಲಿ ಸಿಗುವ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಬಲ ಹಾಕಿದರೆ ಮೇಲೆದ್ದು ಜಾರಿ ತಲೆಯನ್ನೇ ತಿಂದುಹಾಕುತ್ತದೆ. ನಮ್ಮಲ್ಲಿರುವ ಹಳೇ ಬೈಕುಗಳ ಎಂಜಿನ್ ಕವರ್ ಮೇಲೆ ಉಳಿ ಹೊಡೆದ ಗುರುತು ಇರುವುದು ಇದಕ್ಕೇ. ಸುತ್ತಿಗೆಯಲ್ಲಿ ತಟ್ಟಿದರೆ ಒತ್ತಿಕೊಂಡೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದನ್ನು ಕೊಂಡೆ. ಈ ಕೆಲಸಕ್ಕೆ ಕೈಹಾಕುವವರು ಬಣ್ಣದ ಬಗ್ಗೆ ಯೋಚಿಸುವ ಮುಂಚೆ ಅದನ್ನು ಕೊಳ್ಳಿ.

ಬ್ಲಾಕನ್ನು ಬೋರಿಂಗಿಗೆ, ಅಂದರೆ ಒಳಗೋಡೆ ಕೊರೆದು ನಯ ಮಾಡಿಸಲು, ಕಳಿಸಿದೆವು. ಈ ಎಂಜಿನ್ನಿನ ಬೋರ್, ಅಂದರೆ ಬ್ಲಾಕಿನ ಒಳಗಿನ ಅಗಲ, 50 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಅದೂ 50. ಲೆಕ್ಕ ಹಾಕಿದರೆ 98 ಸಿಸಿ. ಗೀರು ಆಳವಾಗಿದ್ದರಿಂದ 0.25 ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಸಾಲದೆ 0.50ಕ್ಕೆ ಹೋಗಬೇಕಾಯಿತು. ಈಗ ಅದು 100.15 ಸಿಸಿ. ನಲವತ್ತು ವರ್ಷದ ಮೇಲೆ ಟ್ಯಾಂಕಿನ ಮೇಲಿನ ನೂರು ಅನ್ನುವ ಅಂಕಿ ನಿಜವಾಯಿತು. ಲೇತಿನವರಿಂದ ಬ್ಲಾಕ್ ವಾಪಸ್ ತರುವಾಗ ಒಂದು ವಿಷಯ ನೋಡಿಕೊಳ್ಳಬೇಕು. ಇದು ಎರಡು ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲೇ ಒಂದು ಸುತ್ತಿನ ಕೆಲಸ ಮುಗಿಸುವ ಎಂಜಿನ್. ಇಂಥ ಬ್ಲಾಕಿನ ಗೋಡೆಯಲ್ಲಿ ಗಾಳಿ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳಿರುತ್ತವೆ. ಬೋರಿಂಗ್ ಆದ ಮೇಲೆ ಆ ಕಿಂಡಿಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಅದನ್ನು ಸವರಿ ಮೊಂಡು ಮಾಡದೆ ಜೋಡಿಸಿದರೆ ರಿಂಗು ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಭಾಯ್ ಬೆರಳು ಒಳಗೆ ತೂರಿಸಿ ತಡವಿ ನೋಡಿ, ಏನೂ ಹೇಳದೆ ಎಮೆರಿ ಕಾಗದ ತೆಗೆದುಕೊಂಡು ಕೂತರು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡ್ ಅಲೆದೆ. ಆರ್‌ಎಕ್ಸ್‌ಗೆ ಬೇಕಾದದ್ದು ರಾಶಿ ಸಿಗುತ್ತದೆ. ಬೇಡಿಕೆ ಇರುವುದರಿಂದ ನಕಲಿಯೂ ಅಷ್ಟೇ. ಎಎಕ್ಸ್ ಅಂದಕೂಡಲೇ ಅಂಗಡಿಯವರು ಒಳಗಿನ ಅಜ್ಜನನ್ನು ಕರೆಯುತ್ತಾರೆ. ಅಜ್ಜ ಹುಡುಕಿ, “ಸಾಮುರಾಯ್‌ದು ಇದೆ, ಕೂರಬಹುದು ನೋಡಿ” ಎಂದು ಎಎಕ್ಸ್ ನಂತರ ಬಂದ ಸುಜುಕಿ ಗಾಡಿಯದನ್ನು ಕೊಡುತ್ತಾರೆ. ಕೆಲವು ಕೂತವು, ಕೆಲವು ಮೇಜಿನ ಮೇಲೇ ಕೂತಿವೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಮಾತ್ರ ಸರಿಯಾದವೇ ಬೇಕೆಂದು ಹಟ ಹಿಡಿದೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಉಸಿರಾಡುತ್ತದೆ, ಅದು ಬಿಗಿಯಾಗಿರಬೇಕು. ಕ್ಲಚ್ ಕಡೆಯ ಸೀಲ್ ಸೋರಿದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ಕಾರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಸೋರಿದರೆ ಬರೀ ಗಾಳಿ ಎಳೆಯುತ್ತದೆ, ಕಾಣುವುದಿಲ್ಲ. ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗಿ, ಎಂಜಿನ್ ಕಾದು, ಒಂದು ದಿನ ಓಡುತ್ತಿರುವಾಗಲೇ ಪಿಸ್ಟನ್ ಕಚ್ಚುತ್ತದೆ.

ಹೀಗೆ ಕಚ್ಚಿ ಸೀಜ್ ಆಗುವುದು ಅಂದರೆ ಏನೆಂದು ಹುಡುಗಿ ಕೇಳಿದಳು. ಇದರಲ್ಲಿ ಕಲಿಯುವುದು ಯಾಕೆ ಬೇಡ ಅನ್ನುವುದಕ್ಕೆ ನನ್ನ ಉತ್ತರ ಇದ್ದದ್ದು ಇಲ್ಲೇ. ಐವತ್ತರ ವೇಗದಲ್ಲಿ ಹೋಗುವಾಗ ಎಂಜಿನ್ ಹಿಡಿದುಕೊಂಡರೆ ಚೈನ್ ನಿಲ್ಲುತ್ತದೆ, ಹಿಂದಿನ ಚಕ್ರ ಬೀಗ ಹಾಕಿದಂತೆ ನಿಂತು ಜಾರುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿದವನು ಉಳಿಯುತ್ತಾನೆ. ಅದಕ್ಕೇ ಹಳೇ ಎರಡು ಸ್ಟ್ರೋಕ್ ಗಾಡಿ ಓಡಿಸಿದವರ ಎಡಗೈಯನ್ನು ಗಮನಿಸಿ: ಎರಡು ಬೆರಳು ಸದಾ ಕ್ಲಚ್ ಲಿವರಿನ ಮೇಲೆ ಇರುತ್ತದೆ. ಕಿವಿ ಸದಾ ಎಂಜಿನ್ ಶಬ್ದದ ಕಡೆ. ಹೊಸದಾಗಿ ಕಲಿಯುವವರಿಗೆ ನಾವು ಹೇಳಿಕೊಡುವುದು ಇದರ ತದ್ವಿರುದ್ಧ. ಗೇರ್ ಬದಲಿಸಿದ ಮೇಲೆ ಕ್ಲಚ್ಚಿನಿಂದ ಬೆರಳು ತೆಗಿ, ಹಾಫ್ ಕ್ಲಚ್ಚಿನಲ್ಲಿ ಓಡಿಸಬೇಡ, ಗಾಡಿ ನೋಡಬೇಡ, ರಸ್ತೆ ನೋಡು.

ಕಲಿಯುವವರ ತಲೆಯಲ್ಲಿ ಜಾಗ ಬಹಳ ಕಡಿಮೆ. ಕ್ಲಚ್, ಗೇರು, ಬ್ರೇಕು, ಎಡಕ್ಕೆ ನುಗ್ಗುವ ಆಟೋ, ನಡುರಸ್ತೆಯ ಹಸು, ಉಬ್ಬು, ಹಿಂದಿನಿಂದ ಹಾರ್ನ್. ಇಷ್ಟಕ್ಕೇ ಅದು ತುಂಬಿಹೋಗುತ್ತದೆ. ಹಳೇ ಗಾಡಿ ಆ ಜಾಗದಲ್ಲಿ ತನಗೂ ಪಾಲು ಕೇಳುತ್ತದೆ. ಇವತ್ತು ಯಾಕೋ ಶಬ್ದ ಬೇರೆ ಇದೆ, ಪೆಟ್ರೋಲ್ ಕಾಕ್ ತಿರುಗಿಸಿದೆನಾ, ಚೋಕ್ ಇಳಿಸಿದೆನಾ. ನನಗೆ ಅದೇ ಸುಖ. ಭಾನುವಾರ ಬೆಳಗ್ಗೆ ಗುಬ್ಬಿ ಕಡೆಗೋ ದೇವರಾಯನದುರ್ಗದ ಕಡೆಗೋ ಹೋಗುವಾಗ ನನ್ನ ಅರ್ಧ ಮನಸ್ಸು ಎಂಜಿನ್ನಿನೊಳಗೇ ಇರುತ್ತದೆ. ನನಗೆ ಅರ್ಧ ಮನಸ್ಸಿನಲ್ಲಿ ರಸ್ತೆ ನೋಡುವಷ್ಟು ವರ್ಷಗಳ ಅಭ್ಯಾಸವಿದೆ. ಅವಳಿಗಿಲ್ಲ.

ಬ್ರೇಕಿನ ವಿಷಯ ಇನ್ನೂ ಕಟುವಾದದ್ದು. ಮುಂದಿನ ಚಕ್ರದ್ದು ಪುಟ್ಟ ಡ್ರಮ್ಮು. ಹೊಸ ಶೂ ಹಾಕಿ, ಕ್ಯಾಮಿಗೆ ಗ್ರೀಸ್ ಸವರಿ, ಹೊಸ ಕೇಬಲ್ ಎಳೆದು, ಲಿವರಿನ ಕೋನ ಸರಿಮಾಡಿದ ಮೇಲೂ ಅದು ಗಾಡಿಯನ್ನು ನಿಲ್ಲಿಸುವುದಕ್ಕಿಂತ ನಿಧಾನ ಮಾಡುತ್ತದೆ ಅಂದರೆ ಸರಿ. ನೀರಿನಲ್ಲಿ ಹೋಗಿ ಬಂದರೆ ಒಂದು ಫರ್ಲಾಂಗು ಅದೂ ಇಲ್ಲ. (ಹಳೇ ಡ್ರಮ್ ಬಿಚ್ಚುವವರು ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಬೇಡಿ. ಆ ಕಾಲದ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.) ಇವತ್ತಿನ ರಸ್ತೆಯಲ್ಲಿ ನಿಮ್ಮ ಮುಂದೆ ಹೋಗುವ ಕಾರಿಗೆ ಡಿಸ್ಕ್ ಬ್ರೇಕೂ, ಚಕ್ರ ಬೀಗ ಬಿದ್ದು ಜಾರದಂತೆ ತಡೆಯುವ ಎಬಿಎಸ್ಸೂ ಇದೆ, ಅದು ನಿಂತ ಜಾಗದಲ್ಲಿ ನೀವು ನಿಲ್ಲುವುದಿಲ್ಲ. 2019ರ ಏಪ್ರಿಲ್‌ನಿಂದ ಮಾರುವ ಎಲ್ಲ ಹೊಸ ಬೈಕುಗಳಿಗೂ 125 ಸಿಸಿವರೆಗೆ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್, ಅದರ ಮೇಲಿನವಕ್ಕೆ ಎಬಿಎಸ್ ಕಡ್ಡಾಯವಾಯಿತು. ನನ್ನ ಲೆಕ್ಕದಲ್ಲಿ ನಮ್ಮ ದ್ವಿಚಕ್ರ ವಾಹನಗಳಿಗೆ ಆದ ದೊಡ್ಡ ಉಪಕಾರ ಅದು, ಮೈಲೇಜು ಬಣ್ಣ ಎಲ್ಲ ಆಮೇಲೆ.

ನಮ್ಮ ಕಡೆ ಗಾಡಿ ಕಲಿಸುವ ಹಿರಿಯರೆಲ್ಲರ ಮೊದಲ ಪಾಠ “ಮುಂದಿನ ಬ್ರೇಕ್ ಮುಟ್ಟಬೇಡ, ಮುಗ್ಗರಿಸ್ತೀಯ” ಅನ್ನುವುದು. ಅದು ಜಲ್ಲಿ ರಸ್ತೆಯ ಕಾಲದ, ಬೋಳು ಟೈರಿನ ಕಾಲದ ಬುದ್ಧಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ನಿಲ್ಲಿಸುವ ಹಿಡಿತ ಇರುವುದೇ ಅಲ್ಲಿ. ಹಿಂದಿನ ಚಕ್ರ ಹಗುರವಾಗುತ್ತದೆ, ಅದೊಂದನ್ನೇ ತುಳಿದರೆ ಬರೀ ಜಾರುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಗೇ ಕಿತ್ತುಕೊಳ್ಳದೆ ಹಿಂಡುತ್ತ ಹೋಗುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಬೇಕು. ಅದನ್ನು ಅಭ್ಯಾಸ ಮಾಡಲು ಹಿಂಡಿದಷ್ಟು ಹಿಡಿಯುವ ಬ್ರೇಕ್ ಇರುವ ಗಾಡಿ ಬೇಕು. ಎಎಕ್ಸ್‌ನಲ್ಲಿ ಕಲಿತರೆ ಅವಳು ಕಲಿಯುವುದು ಕಾಲಿನ ಬ್ರೇಕನ್ನು ನಂಬುವುದನ್ನು.

ಘಾಟಿಯ ಮಾತು ಬೇರೆ. ಎರಡು ಸ್ಟ್ರೋಕ್ ಎಂಜಿನ್ನಿಗೆ ಇಳಿಜಾರಿನಲ್ಲಿ ಗಾಡಿ ಹಿಡಿದಿಡುವ ಶಕ್ತಿ ಕಡಿಮೆ. ಅದಕ್ಕಿಂತ ಮುಖ್ಯ, ಪಿಸ್ಟನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ. ಚಾರ್ಮಾಡಿಯಂಥ ಉದ್ದ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ, ಆಯಿಲ್ ಮಾತ್ರ ಬಹಳ ಕಡಿಮೆ ಹೋಗುತ್ತಿರುತ್ತದೆ. ಆಗಾಗ ಎಕ್ಸಲೇಟರ್ ಸ್ವಲ್ಪ ತಿರುಗಿಸಿ ಉಣಿಸಬೇಕು. ಇಳಿಜಾರಿನಲ್ಲಿ ಎಕ್ಸಲೇಟರ್ ಕೊಡು ಎಂದು ಯಾವ ಬಾಯಲ್ಲಿ ಹೊಸಬರಿಗೆ ಹೇಳುವುದು?

ದೀಪ, ಹಾರ್ನು, ಸೆಲ್ಫ್ ಸ್ಟಾರ್ಟ್ ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಎಂಜಿನ್ ವೇಗ ಇಳಿದರೆ ಹೆಡ್‌ಲೈಟೂ ಮಂಕಾಗುತ್ತದೆ; ಕತ್ತಲಲ್ಲಿ ಹಳ್ಳ ಬಂತೆಂದು ನಿಧಾನ ಮಾಡಿದಾಗಲೇ ಹಳ್ಳ ಕಾಣುವುದಿಲ್ಲ. ಸೆಲ್ಫ್ ಸ್ಟಾರ್ಟನ್ನು ಗೇಲಿ ಮಾಡುವ ಹಳಬರ ಗುಂಪಿಗೆ ನಾನು ಸೇರುವುದಿಲ್ಲ. ವೃತ್ತದ ನಡುವೆ ಬಂದ್ ಬಿದ್ದು, ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಕಿಕ್ ಹುಡುಕುವುದು ಯಾರಿಗೂ ಏನನ್ನೂ ಕಲಿಸುವುದಿಲ್ಲ. ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ಗೇರ್ ಗಾಡಿ ಬಿಟ್ಟದ್ದು ಆ ಒಂದು ಅವಮಾನಕ್ಕೆ.

ಹಾಗಾದರೆ ಯಾವುದು? ಹುಡುಗಿ ಪಟ್ಟಿ ಮಾಡಿಕೊಂಡು ಬಂದಿದ್ದಳು, ನಾನು ಅಳತೆ ಟೇಪು ಹಿಡಿದುಕೊಂಡು ಶೋರೂಮಿಗೆ ಹೋದೆ. ಅವಳ ಮನಸ್ಸಿದ್ದದ್ದು ಆರ್15 ಮೇಲೆ. ಸೀಟಿನ ಎತ್ತರ 815 ಮಿಲಿಮೀಟರ್, ಮುಂದಕ್ಕೆ ಬಾಗಿ ಕೂರಬೇಕು, ಯು-ಟರ್ನಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ. ಕೂತು ನೋಡಿ ಅವಳೇ ಇಳಿದಳು. ಹಂಟರ್ 350 ಸೀಟು ತಗ್ಗು, 790. ಆದರೆ 181 ಕೆಜಿ. ಓಡುವಾಗ ಆ ತೂಕ ತಿಳಿಯುವುದಿಲ್ಲ, ಮನೆ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ತಿಳಿಯುತ್ತದೆ. ಹೊಸಬರು ಬೀಳುವುದು ಹೆದ್ದಾರಿಯಲ್ಲಲ್ಲ, ಹೀಗೆ ನಿಂತಲ್ಲೇ, ಒಂದು ಕಾಲು ಗುಂಡಿಗೆ ಇಟ್ಟಾಗ. ಆದ್ದರಿಂದ ನಾನು ಸೀಟಿನ ಎತ್ತರಕ್ಕಿಂತ ತೂಕಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಇನ್ನು ಇನ್ನೂರು, ಮುನ್ನೂರತೊಂಬತ್ತು ಸಿಸಿಯ ಚುರುಕು ಗಾಡಿಗಳನ್ನು ಮೊದಲ ಗಾಡಿಯಾಗಿ ಮಕ್ಕಳಿಗೆ ಕೊಡಿಸುವ ಅಪ್ಪಂದಿರ ಬಗ್ಗೆ ನನಗೆ ಹೇಳಲು ಇರುವುದು ಇಲ್ಲಿ ಬರೆಯುವಂಥದ್ದಲ್ಲ.

ಉಳಿದದ್ದು ನೂರು, ನೂರಿಪ್ಪತ್ತೈದರ ಗುಂಪು. ಶೈನ್ 100 ತೂಕ 99 ಕೆಜಿ, ಇವತ್ತು ಹೊಸದಾಗಿ ಸಿಗುವವುಗಳಲ್ಲಿ ಬಹಳ ಹಗುರ. ನೂರಿಪ್ಪತ್ತೈದರವು ಹೆದ್ದಾರಿಗೆ ಸ್ವಲ್ಪ ಉಸಿರು ಹೆಚ್ಚು, ದಿನಾ ಊರಿಂದೂರಿಗೆ ಓಡಾಡುವವರಿಗೆ ಅದೇ ಸರಿ. ನಮ್ಮ ಹುಡುಗಿಯ ಓಡಾಟ ಕಾಲೇಜು, ಲೈಬ್ರರಿ, ಗೆಳತಿಯ ಮನೆ. ನಾನು ಹೇಳಿದ್ದು ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್, 2019ರ ಆಚೆಗಿನದು, ಸಿಬಿಎಸ್ ಇರುವಂಥದ್ದು. ಅವಳ ಮುಖ ನೋಡಬೇಕಿತ್ತು. “ಮಾಮ, ಅದು ಹಾಲು ಹಾಕೋರ ಗಾಡಿ!”

ಹಾಲು ಹಾಕುವವರು ಬೆಳಗಿನ ಜಾವ ನಾಲ್ಕಕ್ಕೆ ಕ್ಯಾನು ಕಟ್ಟಿಕೊಂಡು ಅದನ್ನೇ ಯಾಕೆ ನಂಬುತ್ತಾರೆ ಎಂದು ಕೇಳಿದೆ. ಆಮೇಲೆ ಅವಳಿಗೆ ಗೊತ್ತಿರದ ಒಂದು ಸಂಗತಿ ಹೇಳಿದೆ. ಸ್ಪ್ಲೆಂಡರ್ ಪ್ಲಸ್‌ನ ಎಂಜಿನ್ 97.2 ಸಿಸಿ, ಬೋರ್ 50, ಸ್ಟ್ರೋಕ್ 49.5. 1985ರ ಸಿಡಿ 100ದ ಅಳತೆಯೂ ಅದೇ. ಎಎಕ್ಸ್‌ನ ಜೊತೆಯಲ್ಲಿ ಬಂದ ಮೂರರಲ್ಲಿ ಒಂದು ಸಾಯದೆ, ಹೆಸರು ಬದಲಿಸಿಕೊಂಡು, ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್ ಹಾಕಿಕೊಂಡು ಇವತ್ತಿಗೂ ಮಾರಾಟವಾಗುತ್ತಿದೆ. ಆರ್‌ಎಕ್ಸ್ 1996ರಲ್ಲಿ ನಿಂತಿತು. 2000ನೇ ಇಸವಿಯ ಹೊಗೆ ನಿಯಮದ ಮುಂದೆ ಉಳಿದ ಎರಡು ಸ್ಟ್ರೋಕುಗಳೂ ಒಂದೊಂದಾಗಿ ಉಸಿರು ಬಿಟ್ಟವು. ಅಂದರೆ ಇವಳು ನಿಜವಾಗಿ ಹಳೇ ಗಾಡಿಯಲ್ಲೇ ಕಲಿಯುತ್ತಾಳೆ, ಹೊಸ ಬ್ರೇಕಿನ ಜೊತೆ. ಈ ವಾದಕ್ಕೆ ಅವಳು ಸೋತಳು ಅನ್ನಲಾರೆ, ಬೆಲೆಗೆ ಸೋತಳು. ಚೆನ್ನಾಗಿರುವ ಆರ್‌ಎಕ್ಸ್ ಒಂದಕ್ಕೆ ಈಗ ಜನ ಲಕ್ಷ ದಾಟಿ ಕೇಳುತ್ತಾರೆ ಎಂದು ಅವಳಿಗೂ ಗೊತ್ತಿತ್ತು.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಎಎಕ್ಸ್ ಬಿಚ್ಚಿದ ಅನುಭವ ಅವಳ ಕೆಲಸಕ್ಕೆ ಬಂತು. ಎಂಜಿನ್ ಮುಟ್ಟಿ ನೋಡಿ ತಣ್ಣಗಿದೆಯೋ ಇಲ್ಲವೋ ಖಚಿತಪಡಿಸಿಕೊಂಡ ಮೇಲೆಯೇ ಸ್ಟಾರ್ಟ್ ಮಾಡಿಸಿದಳು. ಮುಂಚೆಯೇ ಕಾಯಿಸಿಟ್ಟ ಗಾಡಿ ಎಲ್ಲ ರೋಗವನ್ನೂ ಮುಚ್ಚಿಡುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ ನೋಡಿದಳು. ನೇರಕ್ಕೆ ಬಂದಾಗ ಟಕ್ಕನೆ ಸಿಕ್ಕಿಕೊಂಡರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ ಎಂದರ್ಥ. ಟೈರಿನ ಪಕ್ಕದ ನಾಲ್ಕಂಕಿ ಓದಿದಳು. 2316 ಅಂತಿದ್ದರೆ 2016ರ ಇಪ್ಪತ್ತಮೂರನೇ ವಾರದ ಟೈರು, ಮೇಲಿನ ಗೀರು ಎಷ್ಟೇ ಆಳವಿದ್ದರೂ ರಬ್ಬರು ಕಲ್ಲಾಗಿರುತ್ತದೆ. ಮೂರನೆಯ ಗಾಡಿ ಅವಳಿಗೆ ಒಪ್ಪಿತು. ಮಾರುವವರು “ಯಾರಮ್ಮ ಹೇಳಿಕೊಟ್ಟಿದ್ದು ಇದೆಲ್ಲಾ?” ಎಂದು ನನ್ನ ಕಡೆ ನೋಡಿದರು. ಬೆಲೆ ಸ್ವಲ್ಪ ಇಳಿಯಿತು. ಇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕೊಡಿಸಿದೆ. ಅರ್ಧ ಹೆಲ್ಮೆಟ್ಟಿನ ವಾದವನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ.

ಈಗ ಅವಳು ಮೈದಾನದಲ್ಲಿ ಬ್ರೇಕ್ ಹಿಂಡುವುದು, ಎಂಟು ಹಾಕುವುದು ಎಲ್ಲ ಮುಗಿಸಿ ಬಿ.ಎಚ್. ರಸ್ತೆಯಲ್ಲಿ ಓಡಿಸುತ್ತಿದ್ದಾಳೆ. ಹಾಫ್ ಕ್ಲಚ್ಚಿನ ಚಟ ಇನ್ನೂ ಬಿಟ್ಟಿಲ್ಲ. ಡಿಎಲ್ ಬಂದು, ಒಂದು ಮಳೆಗಾಲ ಸ್ಪ್ಲೆಂಡರಿನಲ್ಲಿ ಕಳೆದ ಮೇಲೆ ಎಎಕ್ಸ್ ಕೀ ಕೊಡುತ್ತೇನೆಂದು ಮಾತಾಗಿದೆ. ಅಲ್ಲಿಯವರೆಗೆ ಅದಕ್ಕೂ ಕೆಲಸ ಬಾಕಿ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರು ಹೀರುತ್ತದೆ, ಟ್ಯಾಂಕಿನ ಒಳಗೆ ಮತ್ತೆ ತುಕ್ಕು ಹಿಡಿಸುತ್ತದೆ, ಹಳೇ ರಬ್ಬರಿನ ಪೈಪನ್ನು ಮೆತ್ತಗೆ ಮಾಡುತ್ತದೆ, ಮಿಶ್ರಣವನ್ನೂ ತೆಳುವಾಗಿಸುತ್ತದೆ. ಪೈಪು, ವಾಷರ್ ಎಲ್ಲ ಬದಲಾಯಿಸಿ, ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದೇನೆ. ಬಿಳಿಚಿಕೊಂಡಿದ್ದರೆ ಎಂಜಿನ್ ಬಿಸಿಯೇರುತ್ತಿದೆ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಕಾಫಿಪುಡಿ ಬಣ್ಣ ಬಂದರೆ ಸರಿ. ಸದ್ಯಕ್ಕೆ ಆ ಬಣ್ಣ ಪೂರ್ತಿ ಬಂದಿಲ್ಲ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಯೇ ಇಡುತ್ತೇನೆ.

ಎಡಗಡೆ ಸೈಡ್ ಕವರ್ ಇನ್ನೂ ಸಿಕ್ಕಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಬಲಗಡೆಯದು ಸಿಕ್ಕಿತು, ಈಗ ನನ್ನ ಹತ್ತಿರ ಬಲಗಡೆಯವೇ ಎರಡಿವೆ. ನಿಮ್ಮ ಯಾರ ಮಾವನ ಮನೆಯ ಅಟ್ಟದಲ್ಲಾದರೂ ಎಡಗಡೆಯದು ಬಿದ್ದಿದ್ದರೆ ದಯವಿಟ್ಟು ಹೇಳಿ. ಬಣ್ಣ ಯಾವುದಾದರೂ ಪರವಾಗಿಲ್ಲ, ಕೊಂಡಿ ಮುರಿದಿರಬಾರದು.